ಗಿರಣಿಯ ಪಾಲು

ದೀಪಾವಳಿಯ ಮರುದಿನ ಶಟರ್ ಎತ್ತಿದರೆ
ಮೋಟರಿನ ತಾಮ್ರದ ತಂತಿ ಇಲ್ಲ,
ಚಿಲ್ಲರೆ ಡಬ್ಬಿ ಇಲ್ಲ,
ತಕ್ಕಡಿ ಮಾತ್ರ ಇದೆ, ಒಂದು ಕಡೆ ವಾಲಿ.
ಹಡಪಸರದ ಚೌಕಿಯಲ್ಲಿ ಕೇಳಿದ್ದು ಒಂದೇ ಮಾತು:
ಕ್ಯಾಮೆರಾ ಇತ್ತೇನು?

ಬುಧವಾರ ಪೇಠೆಯ ಗಲ್ಲಿ. ಅಂಗಡಿಯ ಛತ್ತಿನಿಂದ
ಬಾವಲಿಗಳ ಹಾಗೆ ಜೋತುಬಿದ್ದ ನಲವತ್ತು ಕಣ್ಣು.
ಒಂಬತ್ತು ಟೀವಿಗಳಲ್ಲಿ ಒಂಬತ್ತು ನಾನು,
ಒಬ್ಬನ ಮೊಳಕೈಯಿಂದಲೂ ಹಿಟ್ಟು ಹೋಗಿಲ್ಲ.
ಧುಮಾಳ ಎಂಬ ಹುಡುಗ, ಕಿವಿಯ ಮೇಲೆ ಪೆನ್ಸಿಲ್,
ಒಂದೊಂದೇ ಇಳಿಸಿ ಕೈಗೆ ಕೊಟ್ಟ:
ಇದು ಗುಂಡಗಿನದು ಕಾಕಾ, ಎತ್ತ ನೋಡುತ್ತದೋ ಕಳ್ಳನಿಗೆ ತಿಳಿಯದು.
ಇದು ಉದ್ದನೆಯದು, ನೋಡುತ್ತಿದೆ ಅಂತ ತಿಳಿಯಲೆಂದೇ ಇರುವುದು.
ಕತ್ತಲಲ್ಲಿ ಇಪ್ಪತ್ತು ಮೀಟರ್.
ಡಿಸ್ಕಿನಲ್ಲಿ ಹದಿನೈದು ದಿನ; ಹದಿನಾರನೆಯದು ಬಂದರೆ
ಮೊದಲನೆಯದು ತಾನೇ ಅಳಿಯುತ್ತದೆ.
ಶಟರಿಗೆ ಈ ಅಯಸ್ಕಾಂತ. ಅಲುಗಿದರೆ ಸೈರನ್,
ಇಡೀ ಗಾಡಿತಳ ಎದ್ದು ಕೂರಬೇಕು.
ಮತ್ತೆ ಇದು, ಮುನ್ನೂರೈವತ್ತಕ್ಕೆ. ಒಳಗೆ ಏನೂ ಇಲ್ಲ,
ಬರೀ ಕೆಂಪು ದೀಪ.
ಖರೇ ಹೇಳಲಾ? ಇದೇ ಹೆಚ್ಚು ಹೋಗುವುದು.

ಬೆದರುಬೊಂಬೆಯ ತಲೆಯ ಮೇಲೆ ಗುಬ್ಬಿ ಕೂತದ್ದು
ನಾನು ನೋಡಿದ್ದೇನೆ.
ಕಣ್ಣಿರುವುದನ್ನೇ ಕೊಡು ಅಂದೆ.

ಏಣಿಯ ಮೇಲಿಂದ ಕೂಗಿದ:
ಬಾಗಿಲಿಗೊಂದಾಯಿತು, ಗಲ್ಲಾಕ್ಕೊಂದು.
ಹಿಟ್ಟು ಬೀಳುವ ಕಡೆಗೆ?
ಬೇಡ ಅಂದೆ, ಬೇಕಾದ್ದಕ್ಕಿಂತ ಬೇಗ.
ಅಲ್ಲಿ ಕದಿಯುವಂಥದ್ದು ಏನಿದೆ.
ಜೋಳ ಹಸನು ಮಾಡುತ್ತಿದ್ದ ಕಮಳವ್ವನ ಮೊರ
ಗಾಳಿಯಲ್ಲೇ ಒಂದು ಗಳಿಗೆ ನಿಂತಿತು.

ಜಮಖಂಡಿಯಿಂದ ಬಂದು ಈ ಕಲ್ಲು ಹೂಡಿದಾಗ ಅಪ್ಪ ಹೇಳಿದ್ದು:
ಗಿರಣಿಯ ಹೊಟ್ಟೆಯಲ್ಲಿ ಉಳಿದದ್ದು ಗಿರಣಿಗೆ.
ಬಟ್ಟೆಯ ತೋಳನ್ನು ಮೂರು ಸಲ ಬಡಿ ತಮ್ಮಾ,
ನಾಲ್ಕನೆಯ ಏಟು ನಮ್ಮದು.
ಆ ನಾಲ್ಕನೆಯ ಏಟೇ ನಮ್ಮ ಮನೆಯ ರೊಟ್ಟಿ.
ಜೋಳದಲ್ಲಿ ಸಜ್ಜೆ, ಸಜ್ಜೆಯಲ್ಲಿ ಕಡಲೆ,
ಯಾರದೋ ಉಪವಾಸದ ರಾಜಗಿರಿ.
ನನ್ನ ಮಕ್ಕಳು ಒಂದೇ ಮನೆಯ ಹಿಟ್ಟು ಉಂಡು ಬೆಳೆದವರಲ್ಲ.

ಆರನೆಯ ದಿನಕ್ಕೆ ಎರಡೂ ಕಣ್ಣಿಗೆ ಪೊರೆ.
ಬಂದವರೆಲ್ಲ ಮಂಜಿನೊಳಗಿಂದ ಬಂದು
ಮಂಜಿನೊಳಗೆ ಹೋಗುತ್ತಾರೆ.
ಕಮಳವ್ವ ಸ್ಟೂಲು ಹತ್ತಿ ಸೆರಗಿನಿಂದ ಒರೆಸುತ್ತಾಳೆ,
ಕೂಸಿನ ಮುಖ ಒರೆಸಿದ ಹಾಗೆ.

ಒಂದು ರಾತ್ರಿ ಎರಡೂವರೆಗೆ ಸೈರನ್.
ಚಪ್ಪಲಿ ಮರೆತು ಓಡಿದೆ. ಮೂರು ನಾಯಿ ನನ್ನ ಹಿಂದೆ,
ಮೇಲಿನ ಮಾಳಿಗೆಯಿಂದ ಮರಾಠಿಯಲ್ಲಿ ಬೈಗುಳ.
ಅಯಸ್ಕಾಂತದ ತಂತಿ ಕಡಿದಿತ್ತು, ಬೀಗ ಬೀಗದ ಹಾಗೇ ಇತ್ತು.
ಫೋನಿನಲ್ಲಿ ನೋಡಿದರೆ ಇಲಿ.
ಗಲ್ಲಾದ ಮೇಲೆ ಕೂತು, ಎರಡು ಕೈಯಲ್ಲಿ ಹಿಡಿದು,
ಕ್ಯಾಮೆರಾಕ್ಕೆ ಬೆನ್ನು ಕೂಡ ಮಾಡದೆ
ತಿನ್ನುತ್ತಿದೆ.
ಕಮಳವ್ವ ಎರಡು ಸಲ ನೋಡಿದಳು. ಅಂದಳು:
ಅದಕ್ಕೇನು ನಾಚಿಕಿ? ಅದಕ್ಕ ಯಾರ ಅಪ್ಪನೂ ಏನೂ ಹೇಳಿಕೊಟ್ಟಿಲ್ಲ.

ಬೆಳಿಗ್ಗೆ ಧುಮಾಳನಿಗೆ ಫೋನು ಹಚ್ಚಿದೆ.
ಇನ್ನೊಂದು ಕಣ್ಣು ಬೇಕು, ತೋಳಿನ ಕಡೆಗೆ.
ಟೀವಿ ಹೊರಗೆ, ಗಿರಾಕಿಗೆ ಕಾಣುವ ಹಾಗೆ.

ಸಖೂಬಾಯಿ ಝಗಡೆಯ ಪಾಳಿ ಬಂತು.
ಐದು ಕಿಲೋ ಜೋಳ, ಅದೇ ಹಳೆಯ ಡಾಲ್ಡಾ ಡಬ್ಬಿ.
ಮೂರು ಸಲ ಬಡಿದೆ.
ಟೀವಿಯೊಳಗಿನವನು ಕೈ ತಡೆದ. ಬಡಿದ, ನಾಲ್ಕನೆಯದು.
ಹಿಡಿಯಷ್ಟು ಬಿಳಿ ಸದ್ದಿಲ್ಲದೆ ಕುಸಿದು ಬಿತ್ತು.

ಮುದುಕಿ ಡಬ್ಬಿ ಸೊಂಟಕ್ಕೆತ್ತಿ, ಮತ್ತೆ ಕೆಳಗಿಟ್ಟಳು.
ಇವತ್ತು ಭಾರ ಯಾಕೋ?
ಹತ್ತೊಂಬತ್ತು ವರ್ಷದಿಂದ ಮನೆಯಲ್ಲಿ ಅಳೆದ ಮೇಲೆ
ಒಂದು ಹಿಡಿ ಮೇಲೆ ಹಾಕಿಯೇ ತರುತ್ತೇನೆ,
ಗಿರಣಿಯವನ ಪಾಲು ಅಂತ.
ಈಗ ಇದನ್ನು ಏನು ಮಾಡಲಿ?

ಏನು ಹೇಳಲೂ ತೋಚದೆ ಟೀವಿಯ ಕಡೆ ನೋಡಿದೆ.
ಮೈಯೆಲ್ಲ ಹಿಟ್ಟಾದ ಒಬ್ಬ ಮನುಷ್ಯ
ಬರಿದಾದ ತೋಳನ್ನು ಹಿಡಿದು ನಿಂತಿದ್ದ.
ಹದಿನೈದು ದಿನ ಹಾಗೇ ನಿಂತಿರುತ್ತಾನೆ.