ರಟ್ಟಿನ ಹಿಂಬದಿ

ಬಾಲ್ಟಿಮೋರ್. ಲಾಂಡ್ರಿಯ ಕೆಳಗಿನ ನೆಲಮಾಳಿಗೆ.
ತಲೆಯ ಮೇಲೆ ಯಂತ್ರಗಳು ಯಾರದೋ ಹೊದಿಕೆ ತಿರುವುತ್ತಿವೆ.
ನಾವು ಹನ್ನೊಂದು ಜನ, ಮೂರು ಡಬ್ಬಿ ಬಣ್ಣ,
ಬೆಳಗಿನ ಮೊದಲ ರೈಲಿಗೆ ವಾಷಿಂಗ್ಟನ್ನು.

ಡೆಕ್ಲನ್ ಬರೆದದ್ದು ಎಲ್ಲರದಕ್ಕಿಂತ ಚೆಂದ:
ಸಂಸತ್ತಿನ ಗುಮ್ಮಟ ತಬ್ಬಿದ ಆಕ್ಟೋಪಸ್,
ತೋಳಿಗೊಂದು ನಾಣ್ಯ,
ಅದಕ್ಕೊಂದು ಮೂಗು, ಗಿಳಿಯ ಕೊಕ್ಕಿನಂಥದು.
ಕೆಳಗೆ: ಎಲ್ಲ ಅವರ ಕೈಯಲ್ಲಿ.

ಅವರು ಅಂದರೆ ಯಾರು?
ಕೇಳಿದವಳು ಫ್ರೂಮಾ ಲಿಶ್ನರ್,
ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು.
ಮರ್ಯಾದೆಯ ಬಹುವಚನವಲ್ಲ ಅದು, ಎಲ್ಲರಿಗೂ ಗೊತ್ತಿತ್ತು.
ಲಾಬಿಯವರು, ಮತ್ತಿನ್ಯಾರು? ಅಂದ ಡೆಕ್ಲನ್.
ಲಾಬಿಗೆ ಮೂಗಿಲ್ಲ ಮಗಾ, ಅಂದಳು,
ಲಾಬಿಗೆ ವಿಳಾಸವಿದೆ.

ಆಮೇಲೆ, ಯಾರೂ ಕೇಳದಿದ್ದರೂ:
ಈ ಪ್ರಾಣಿ ನನ್ನಜ್ಜನಿಗೆ ಪರಿಚಯ.
ಚೆರ್ನೊವಿಟ್ಸಿನಲ್ಲಿ ಅವನ ಅಂಗಡಿ ಬಾಗಿಲಿಗೆ
ಯಾರೋ ಅಂಟಿಸಿ ಹೋಗಿದ್ದರು. ಎಂಟೇ ತೋಳು, ಇದೇ ಮೂಗು.
ಅವನು ಮಾರುತ್ತಿದ್ದದ್ದು ಅಂಗಿಯ ಗುಂಡಿ.
ದಂತದ್ದೂ ಅಲ್ಲ, ಕೊಂಬಿನದು.

ಹಾಗಾದರೆ ಬಾಯಿ ಮುಚ್ಚಿಕೊಂಡಿರಬೇಕೇ?
ಡೆಕ್ಲನ್ನನ ಕಿವಿ ಕೆಂಪಗಾಗಿತ್ತು.
ಮುಚ್ಚು ಅಂದೆನೇ? ಬರೆ ಅಂದೆ.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಎಳೆಯುವ ಬರೆಯಲ್ಲ.
ಯಾವ ಸಂಘ, ಯಾವ ಬೀದಿ, ಎಷ್ಟನೇ ಮಹಡಿ,
ಯಾವ ಸದಸ್ಯನಿಗೆ ಯಾವ ತಾರೀಕು ಎಷ್ಟು ಡಾಲರು,
ಬಾಂಬಿನ ಮಸೂದೆಗೆ ಅವನು ಕೈಯೆತ್ತಿದ್ದು
ಅದಾದ ಎಷ್ಟನೇ ದಿನಕ್ಕೆ.
ನಾಳೆ ಅದೇ ಬಾಗಿಲ ಮುಂದೆ ನಾನೂ ನಿಲ್ಲುವವಳು.
ಸಿನಗಾಗಿನಲ್ಲಿ ನನ್ನ ಪಕ್ಕ ಆರು ತಿಂಗಳಿಂದ
ಯಾರೂ ಕೂರುವುದಿಲ್ಲ, ಗೊತ್ತಿರಲಿ ನಿನಗೆ.

ಬೇರೆ ರಟ್ಟು ಇರಲಿಲ್ಲ. ಅದನ್ನೇ ಮಗುಚಿದೆವು.
ಅಂಕಿಗಳು ಹಿಡಿಸದೆ ಅಕ್ಷರ ಇರುವೆಯಷ್ಟಾಯಿತು.
ಎರಡು ಕಡೆ ಅಲ್ಪವಿರಾಮ ಹಾಕಿಸಿದಳು ಅವಳು.

ಮರುದಿನ ಬಿಸಿಲು. ಯಾರೂ ಅದರ ಫೋಟೋ ತೆಗೆಯಲಿಲ್ಲ.
ಮೆಟ್ಟಿಲಿಳಿದು ಬಂದ ಒಬ್ಬ ಗುಮಾಸ್ತ ಮಾತ್ರ
ಊಟದ ಪೊಟ್ಟಣ ಹಿಡಿದು ಕೊನೆಯ ಸಾಲಿನವರೆಗೂ ಓದಿ,
ಸುತ್ತ ನೋಡಿ, ಹೊರಟುಹೋದ.

ಬೆಳಕು ಹಿಂದಿನಿಂದ ಬಿದ್ದಾಗ
ತೆಳ್ಳನೆ ರಟ್ಟಿನ ಒಳಗಿಂದ
ಆ ತೋಳುಗಳು ಮಸುಕಾಗಿ ಏಳುತ್ತಿದ್ದವು
ತಾರೀಕುಗಳ ನಡುವೆ, ಡಾಲರುಗಳ ನಡುವೆ.
ಡೆಕ್ಲನ್ ಅಂಗೈ ಅಗಲಿಸಿ ಹಿಂಬದಿಗೆ ಒತ್ತಿ ನಿಂತ.
ಎಂಟಕ್ಕೆ ಒಂದು ಕೈ, ಸಾಲಲಿಲ್ಲ.
ಫ್ರೂಮಾ ಬ್ಯಾಗು ಕೆಳಗಿಟ್ಟು
ಪಕ್ಕಕ್ಕೆ ಬಂದಳು.