ಚೀಸಿನ ವ್ಯಾನಿನ ಶ್ರುತಿ

ಶನಿವಾರ, ಬೆಳಗಿನ ಆರೂಕಾಲು. ಸೆಂತೆಶ್ ಊರಿನ ರೈತರ ಸಂತೆ.
ಈರುಳ್ಳಿ ಚೀಲಗಳಿಗೂ ಬಾತುಮೊಟ್ಟೆಯ ತಟ್ಟೆಗಳಿಗೂ ನಡುವೆ
ನನಗೆಂದು ಬಿಟ್ಟ ಜಾಗ: ಎರಡು ಹೆಜ್ಜೆ ಉದ್ದ, ಒಂದೂವರೆ ಅಗಲ.
ಬಾಡಿಗೆ ಇಲ್ಲ. ನೆರಳೂ ಇಲ್ಲ.
ತೊಡೆಯ ಮೇಲೆ ತೆಕೆರೊ.
ಅಜ್ಜನ ಕಾಲದ್ದೇನಲ್ಲ,
ಟ್ರ್ಯಾಕ್ಟರ್ ರಿಪೇರಿಯವನೊಬ್ಬ ಮಾಡಿಕೊಟ್ಟದ್ದು,
ಹಿಡಿಗೆ ಇನ್ನೂ ಡೀಸೆಲ್ ವಾಸನೆ.

ತಿಳಿಯದವರು ಕೇಳುತ್ತಾರೆ,
ಇದೇನು, ಕಾಫಿ ಬೀಜ ಬೀಸುವ ಯಂತ್ರವೇ?
ಹೌದು ಅನ್ನುತ್ತೇನೆ. ಬೀಸುತ್ತೇನೆ.
ಬಲಗೈ ತಿರುವಿದಂತೆ ಮರದ ಚಕ್ರ ತಂತಿಗಳನ್ನು ಉಜ್ಜುತ್ತದೆ,
ಎಡಗೈ ಬೆರಳು ಕೀಲಿಗಳನ್ನು ಕೋಳಿಯಂತೆ ಕುಕ್ಕುತ್ತವೆ,
ಸಡಿಲ ಕುದುರೆಯೊಂದು ಮೂಲೆಯಲ್ಲಿ
ಗೊರಗೊರ ರೇಗುತ್ತದೆ.
ಚಕ್ರಕ್ಕೆ ರಾಳ, ತಂತಿಗೆ ಹತ್ತಿ.
ಹತ್ತಿ ಒಂದೆಳೆ ಹೆಚ್ಚಾದರೆ ಮೂಕ,
ಒಂದೆಳೆ ಕಡಿಮೆಯಾದರೆ ಬೆಕ್ಕುಗಳ ಜಗಳ.
ತಿಸಾ ನದಿಯ ಮಂಜು ಮೇಲೆದ್ದ ದಿನ
ಲೆಕ್ಕವೆಲ್ಲ ತಲೆಕೆಳಗು.

ಹನ್ನೊಂದು ವರ್ಷ ನನ್ನ ಶ್ರುತಿಯ ಗುಟ್ಟು ಯಾರಿಗೂ ಹೇಳಿರಲಿಲ್ಲ.
ಬೆನ್ನ ಹಿಂದೆ ವೆಂಡೆಲನ ಚೀಸಿನ ವ್ಯಾನು,
ಅದರ ನೆತ್ತಿಯ ಮೇಲೆ ತಂಪುಯಂತ್ರದ ಮೋಟಾರು,
ಬೆಳಗಿನಿಂದ ಚರ್ಚಿನ ಮಧ್ಯಾಹ್ನದ ಗಂಟೆಯವರೆಗೆ
ಒಂದೇ ಸ್ವರ: ಮ್‌ಮ್‌ಮ್‌,
ಪುಸ್ತಕದ ಷಡ್ಜಕ್ಕಿಂತ ಕೂದಲೆಳೆ ಕೆಳಗೆ.
ಅದರೊಡನೆ ಗುದ್ದಾಡಿ ಸೋತ ಮೊದಲ ಬೇಸಗೆ
ಬಿರಡೆ ಇಳಿಸಿಬಿಟ್ಟೆ.
ಅಲ್ಲಿಂದ ಅದು ಶತ್ರುವಲ್ಲ, ತಂಬೂರಿ.

ಡಬ್ಬಿಯಲ್ಲಿ ನಾಣ್ಯಕ್ಕಿಂತ ತರಕಾರಿ ಹೆಚ್ಚು.
ತೆರ್ಕಾ ಕೊಡುವುದು ಸೊಟ್ಟ ಮೆಣಸಿನಕಾಯಿ,
‘ಸೊಟ್ಟದಕ್ಕೇ ಖಾರ ಜಾಸ್ತಿ ಕಣೇ’ ಎಂಬ ಸಮಜಾಯಿಷಿ ಸಮೇತ.
ಮುದುಕನೊಬ್ಬ ವಾರವಾರವೂ ಅದೇ ಕುಣಿತದ ಹಾಡು ಕೇಳುತ್ತಾನೆ,
ಶುರುಮಾಡಿದೊಡನೆ ಮೂಲಂಗಿ ಚೌಕಾಸಿಗೆ ಹೊರಟುಬಿಡುತ್ತಾನೆ.
ಅವನು ಮೂಲಂಗಿ ಹಿಡಿದು ಬರುವವರೆಗೆ
ನಾನು ಮುಗಿಸುವಂತಿಲ್ಲ.

ಮೊನ್ನೆ ಶನಿವಾರ ವೆಂಡೆಲ್ ಹೊಸ ವ್ಯಾನಿನಲ್ಲಿ ಬಂದ.
ಬಿಳಿ. ಬಾಗಿಲು ಹಾಕಿದರೂ ಸದ್ದಿಲ್ಲ.
ಮದುಮಗನ ಹಾಗೆ ಎದುರು ನಿಂತು
‘ಇಷ್ಟು ವರ್ಷ ನಿನ್ನ ಹಾಡಿಗೆ ನನ್ನ ಗಾಡಿ ಅಡ್ಡ.
ಈಗ ಕೇಳು, ಏನಾದರೂ ಕೇಳಿಸುತ್ತಾ? ಏನೂ ಇಲ್ಲ!’
ಏನೂ ಇಲ್ಲ.
ಥ್ಯಾಂಕ್ಸ್ ಅಂದೆ.

ಹಿಡಿ ತಿರುವಿದೆ. ಸ್ವರ ಹೊರಟಿತು,
ಮಣೆ ಹಾಕದ ಮನೆಗೆ ಬಂದ ನೆಂಟನಂತೆ
ಬಾಗಿಲಲ್ಲೇ ನಿಂತಿತು.
ಬಿರಡೆ ಏರಿಸಿದೆ, ಇಳಿಸಿದೆ. ಹತ್ತಿ ಬಿಚ್ಚಿ ಮತ್ತೆ ಸುತ್ತಿದೆ.
ಬಾತುಮೊಟ್ಟೆಯವಳು ಕೇಳಿದಳು, ಜ್ವರವೇನೇ?
ನನ್ನ ತಪ್ಪುಗಳು ಮೊದಲ ಸಲ ನನಗೇ ಕೇಳಿಸಿದವು,
ಕಲ್ಲಿನ ಮೇಲೆ ಬಿದ್ದ ಚಿಲ್ಲರೆ, ಒಂದೊಂದೂ ಎಣಿಸುವಷ್ಟು ಸ್ಪಷ್ಟ.

ಹತ್ತೂವರೆಗೆ
ವೆಂಡೆಲ್ ಗಿರಾಕಿಯೊಬ್ಬಳಿಗೆ ಆಡಿನ ಚೀಸು ಕೊಯ್ಯುತ್ತಿದ್ದ.
ಅವನದೂ ತಂತಿಯೇ.
ತಲೆ ತಗ್ಗಿಸಿ, ಗ್ರಾಮುಗಳ ಲೆಕ್ಕದಲ್ಲಿ ಮುಳುಗಿ,
ಬಾಯಿ ಮುಚ್ಚಿಕೊಂಡೇ
ಮ್‌ಮ್‌ಮ್‌.
ಪುಸ್ತಕದ ಷಡ್ಜಕ್ಕಿಂತ ಕೂದಲೆಳೆ ಕೆಳಗೆ.

ಅವನಿಗೆ ಗೊತ್ತಿಲ್ಲ.
ಹನ್ನೊಂದು ವರ್ಷ ಆ ಹಳೆಯ ತಗಡಿಗೆ ಬೆನ್ನು ಒರಗಿಸಿ ನಿಂತದ್ದು
ಎದೆಗೆ ಇಳಿದಿದೆ.
ನಾನೂ ಹೇಳಲಿಲ್ಲ. ಹೇಳಿದರೆ ನಾಚಿ ನಿಲ್ಲಿಸಿಬಿಟ್ಟಾನು.
ಕುರ್ಚಿಯನ್ನು ಮಾತ್ರ ಒಂದು ಮೊಳ ಹಿಂದಕ್ಕೆ ಎಳೆದುಕೊಂಡೆ.

ಚೀಸು ಕೊಯ್ಯುವಷ್ಟು ಹೊತ್ತೇ ಶ್ರುತಿ.
ಗಿರಾಕಿ ಹೋದರೆ ಅವನು ದುಡ್ಡು ಎಣಿಸುತ್ತಾನೆ,
ಎಣಿಸುವಾಗ ಗಪ್‌ಚಿಪ್.
ನಾನು ಚಕ್ರಕ್ಕೆ ರಾಳ ಹಚ್ಚುತ್ತ ಕೂರಬೇಕು.
ಹಾಗಾಗಿ ಈಗ ದಾರಿಹೋಕರನ್ನೆಲ್ಲ ಕೂಗಿ ಕರೆಯುತ್ತೇನೆ:
ಬನ್ನಿ, ಚೀಸು ಕೊಳ್ಳಿ, ಒಳ್ಳೆಯ ಚೀಸು,
ಕಾಲು ಕಿಲೋ ಯಾತಕ್ಕೂ ಸಾಲದು, ಅರ್ಧ ತೊಗೊಳ್ಳಿ.
ಈ ಹಾಡು ಸ್ವಲ್ಪ ಉದ್ದ ಇದೆ.