ಎಣಿಕೆಗೆ ಬಂದ ಬಾಯಿ

ಇಲ್ಲಿ ನನ್ನ ಹೆಸರು ಬಾಯಿ.
ಶಾಲೆಯ ಬಾಯಿ, ಪಾಲಿಕೆಯ ಬಾಯಿ,
ಈ ಫೆಬ್ರವರಿ ಮಟ್ಟಿಗೆ ಜನಗಣತಿಯ ಬಾಯಿ.
ಮರಾಠಿಯಲ್ಲಿ ಅದು ಮರ್ಯಾದೆಯ ಮಾತು.
ಇಪ್ಪತ್ತೆರಡು ವರ್ಷವಾದರೂ ನನಗೆ ಮಾತ್ರ
ಯಾರಾದರೂ ಹಾಗೆ ಕೂಗಿದಾಗ
ಮುಖದ ನಡುವೆ ತೂತೊಂದು ತೆರೆದಂತಾಗುತ್ತದೆ.

ವಡಾಳಾದ ಉಪ್ಪಿನ ಗದ್ದೆ ಮುಗಿಯುವಲ್ಲಿ
ನನ್ನ ಪಾಲಿಗೆ ನೂರಾ ಮೂವತ್ತು ಬಾಗಿಲು.
ಮಡಚಬಾರದ ಹಾಳೆ, ಕಪ್ಪು ಶಾಯಿ,
ಮನೆಯ ಹೆಗಲ ಮೇಲೆ ಇನ್ನೊಂದು ಮನೆ, ನಡುವೆ ಕಬ್ಬಿಣದ ಏಣಿ.
ಸೀರೆ ಎತ್ತಿ ಕಟ್ಟಿ ಹತ್ತುತ್ತೇನೆ.
ಒಂಬತ್ತನೆಯ ಕಾಲಂ ತನಕ ಎಲ್ಲ ಸಲೀಸು.
ಹತ್ತರಲ್ಲಿ: ಮಾತೃಭಾಷೆ. ಒಂದೇ ಬರೆಯತಕ್ಕದ್ದು.

ಅಫಜಲಪುರದ ಹುಸೇನಬಿ ಹಪ್ಪಳ ಲಟ್ಟಿಸುತ್ತ ಅಂದಳು:
“ಮನ್ಯಾಗ ಆಡೂದು ಒಂದು ನಮೂನಿ ಹಿಂದಿ.
ದೊಡ್ಡವ್ರು ಕೇಳಿದ್ರ ಉರ್ದು ಅಂತ ಹೇಳ್ತೀವಿ.
ಸಿಟ್ಟು ಬಂದ್ರ ಮಾತ್ರ ಕನ್ನಡ ನೋಡವಾ,
ಅದರಾಗ ಬೈದ್ಹಂಗ ಯಾವುದರಾಗೂ ಬೈಯಾಕ ಬರಂಗಿಲ್ಲ.
ಎಷ್ಟು ಸಿಟ್ಟಿದ್ರ ಕನ್ನಡ ಅಂತ ಬರೀತಿ?”

ಮೇಲಿನ ಖೋಲಿಯ ಸೋಮಲಿ ರಾಠೋಡ ಗೋರಬೋಲಿ ಅಂದಳು.
ಗೋರಬೋಲಿ ಅಂತಲೇ ಬರೆದೆ, ದುಂಡಗೆ.
ದಿಲ್ಲಿಯಲ್ಲಿ ಅದನ್ನು ಹಿಂದಿಯ ಗೋಣಿಗೆ ಸುರಿದು
ತೂಗುತ್ತಾರಂತೆ. ಅವಳಿಗೆ ಹೇಳಲಿಲ್ಲ,
ಚಹಾ ಕೊಟ್ಟಿದ್ದಳು.

ಇಪ್ಪತ್ತೊಂಬತ್ತು ಪ್ರಶ್ನೆ ನಾನು ಕೇಳಿದರೆ
ಪ್ರತಿ ಮನೆಯವರೂ ತಿರುಗಿ ಕೇಳುವುದು ಒಂದೇ:
“ಬಾಯಿ, ನೀವು ಯಾವ ಪೈಕಿ?”
ನನ್ನ ಹಾಳೆಯಲ್ಲಿ ಅದಕ್ಕೆ ಚೌಕವಿಲ್ಲ.
“ವಡಾಳಾ ಡಿಪೋ ಪೈಕಿ” ಅನ್ನುತ್ತೇನೆ.
ನಗುತ್ತಾರೆ. ಕಣ್ಣು ನನ್ನ ಕೊರಳಿಗೆ, ತಾಳಿಯ ನಮೂನೆಗೆ ಹೋಗಿ
ಬೇಕಾದ್ದನ್ನು ಬರೆದುಕೊಂಡು ಬರುತ್ತದೆ.

ಎಂಬತ್ತೇಳನೆಯ ಬಾಗಿಲು.
ತಾನಾಜಿ ಉಗಲೆ, ಇಪ್ಪತ್ತಾರು, ವೈರಿಂಗ್ ಕೆಲಸ.
ತಾಯಿ ಯಮುನಾ. ಹುಟ್ಟಿನಿಂದ ಕಿವಿಯಿಲ್ಲ, ಮಾತಿಲ್ಲ.
ತಂದೆ? ಕೈ ಬೀಸಿದ, ಬಂದರಿನ ಕಡೆ.
ಮಾತೃಭಾಷೆ?
ಎರಡೂ ಅಂಗೈ ಮೇಲೆತ್ತಿ ತೋರಿಸಿ ನಕ್ಕ.
ಕೈಪಿಡಿ ತೆರೆದೆ:
ಬಾಲ್ಯದಲ್ಲಿ ತಾಯಿಯು ಮಗುವಿನೊಡನೆ ಆಡಿದ ಭಾಷೆ.
ಹಸಿವು ಹೀಗೆ, ಅಂದ. ಮಳೆ ಹೀಗೆ. ಪೊಲೀಸು ಹೀಗೆ.
ಪಕ್ಕದ ಮನೆಯ ಮುದುಕ, ಮೂಗು ಹಿಡಿದೆಳೆದು, ಹೀಗೆ.
ಬೈಗುಳ ಇದೆಯಾ, ಕೇಳಿಬಿಟ್ಟೆ;
ಹುಸೇನಬಿ ಇನ್ನೂ ತಲೆಯಲ್ಲಿದ್ದಳು.
ಒಂದು ತೋರಿಸಿದ.
ಒಲೆಯ ಬಳಿಯಿಂದ ಯಮುನಾ ದಡಬಡ ಬಂದು
ಅವನ ಬೆರಳಷ್ಟನ್ನೂ ಮುಷ್ಟಿಯಲ್ಲಿ ಹಿಡಿದು ಮುಚ್ಚಿದಳು,
ಬಂದವರ ಮುಂದೆ
ಮಗನ ಬಾಯಿ ಮುಚ್ಚುವ ಎಲ್ಲ ತಾಯಂದಿರ ಹಾಗೆ.

ಆಮೇಲೆ ಇವಳು ಯಾರೆಂದು ಕೇಳಿದಳು.
ಅವನು ಗಾಳಿಯಲ್ಲಿ ಇಲ್ಲದ ಸೀಮೆಸುಣ್ಣ ಹಿಡಿದು
ಎರಡು ಗೆರೆ ಗೀಚಿ, ಅಂಗೈಯ ಧೂಳು ಕೊಡವಿದ.
ಅದು ನಾನು.

ಖಾಲಿ ಬಿಡುವಂತಿಲ್ಲ ಬಾಯಿ, ಅಂದರು ಮೇಲ್ವಿಚಾರಕ ಪರಬ್.
ರೇಶನ್ ಕಾರ್ಡು ಯಾವ ಭಾಷೆಯಲ್ಲಿದೆ? ಅದನ್ನೇ ಹಾಕಿ.
ಹಾಕಿದೆ. ಮೂರಕ್ಷರ.
ಚೌಕಕ್ಕೆ ಸರಿಯಾಗಿ ಹಿಡಿಸಿತು.

ಅದೇ ವಾರ ನಾನಿಲ್ಲದಾಗ ನಮ್ಮ ಮನೆಗೂ ಯಾರೋ ಬಂದು
ಬಾಗಿಲ ಮೇಲಿನ ‘ಬಿರಾದಾರ’ ಓದಿ,
ಅತ್ತೆಯ ನಿದ್ದೆ ಕೆಡಿಸದೆ
ತಾವೇ ತುಂಬಿಕೊಂಡು ಹೋದರಂತೆ.
ಏನು ಬರೆದರೋ.

ಮಾರ್ಚಿನ ಒಂದು ಸಂಜೆ ಡಿಪೋದ ಎದುರು,
ಬಸ್ಸುಗಳ ಆಚೆ ದಂಡೆಗೆ, ಯಮುನಾ.
ನನ್ನನ್ನು ಕಂಡವಳೇ ಗಾಳಿಯಲ್ಲಿ ಎರಡು ಗೆರೆ ಗೀಚಿ
ಕೈ ಕೊಡವಿದಳು.
ಅಷ್ಟು ಹಾರ್ನುಗಳ ನಡುವೆ
ನನ್ನ ಹೆಸರು ನನಗೆ ಸರಿಯಾಗಿ ತಲುಪಿತು.
ನನ್ನೆರಡೂ ಕೈಯಲ್ಲಿ ಸಂತೆಯ ಚೀಲ.
ಉತ್ತರ ಕೊಡಲೆಂದು
ಬಾಯಿ ತೆರೆದೆ.